ಆಫಿಷಿಯಸ್ ಮಲ್ಲಿಕಾರ್ಜುನಯ್ಯ

ಚಾಮರಾಜಪೇಟೆಯ ನಮ್ಮ ಅಡ್ಡರಸ್ತೆಯಲ್ಲಿ ಯಾರ ಮನೆಯ ನಲ್ಲಿ ಸೋರಿದರೂ ಆ ಮನೆಯವರಿಗಿಂತ ಮೊದಲು ಗೊತ್ತಾಗುತ್ತಿದ್ದುದು ಮಲ್ಲಿಕಾರ್ಜುನಯ್ಯನವರಿಗೆ. ಸರ್ಕಾರಿ ಕಚೇರಿಯೊಂದಕ್ಕೆ ಗುಮಾಸ್ತರಾಗಿ ಸೇರಿ, ಗುಮಾಸ್ತರಾಗಿಯೇ ನಿವೃತ್ತರಾದವರು ಅವರು. ಜೊತೆಗೆ ಸೇರಿದವರೆಲ್ಲ ಆಫೀಸರುಗಳಾಗಿ ಜೀಪಿನಲ್ಲಿ ಓಡಾಡಿದರು. ಇವರದು ಕೊನೆಯವರೆಗೂ ಸೈಕಲ್ಲು. ನಿವೃತ್ತಿಯಾದ ಮೇಲೆ ಬೀದಿಯನ್ನೇ ಕಚೇರಿ ಮಾಡಿಕೊಂಡರು. ಕಸದ ಗಾಡಿ ಯಾವ ತುದಿಯಿಂದ ಶುರುವಾಗಬೇಕೆಂದು ಅವರೇ ತೀರ್ಮಾನಿಸುವರು. ಯಾರ ಮನೆಗಾದರೂ ನೆಂಟರು ಬಂದರೆ, ಅವರು ಹತ್ತಿ ಬಂದ ಬಸ್ಸಿಗಿಂತ ಒಳ್ಳೆಯ ಬಸ್ಸು ಯಾವುದೆಂದು ಗೇಟಿನಲ್ಲೇ ತಿಳಿಸುವರು.

“ಅವ್ರು ನಿಮ್ಮನ್ನ ಕೇಳಿದ್ರಾ?” ಎಂದು ಹೆಂಡತಿ ಕಲ್ಯಾಣಮ್ಮ ಗದರುವರು.

“ಕೇಳಿದ್ಮೇಲೆ ಮಾಡಿದ್ರೆ ಅದು ಸಹಾಯ ಹೆಂಗಾಗುತ್ತೆ?”

ತೊಂಬತ್ತೆಂಟರಲ್ಲಿ ಬೀದಿಗೊಂದು ನಿವಾಸಿಗಳ ಸಂಘ ಹುಟ್ಟಿತು. ಕಾರ್ಯದರ್ಶಿ ಯಾರೆಂದು ಯಾರೂ ಕೇಳಲಿಲ್ಲ. ಆ ವರ್ಷವೇ ಎದುರು ಮನೆಯ ಗಿರಿಜಾಂಬಾ ಮೈಸೂರಿಗೆ ಹೋಗಿದ್ದಾಗ, ಕರೆಂಟಿನ ವೈರಿಗೆ ತಾಗುತ್ತದೆಂದು ಹೇಳಿ ಅವರ ಕಾಂಪೌಂಡಿನ ಸಂಪಿಗೆ ಮರವನ್ನು ಮಲ್ಲಿಕಾರ್ಜುನಯ್ಯ ಮುಂದೆ ನಿಂತು ಬೋಳಿಸಿಬಿಟ್ಟರು. ಗಿರಿಜಾಂಬಾ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತರಾದವರು. ಕೋಪ ಬಂದರೆ ಕನ್ನಡದಲ್ಲಿ ಬಯ್ಯುವ ಅಭ್ಯಾಸವಿರಲಿಲ್ಲ. ಸಂಘದ ಸಭೆಯಲ್ಲಿ ಎದ್ದು ನಿಂತು, ಮಲ್ಲಿಕಾರ್ಜುನಯ್ಯನವರಷ್ಟು ಆಫಿಷಿಯಸ್ ಆದ ಮನುಷ್ಯನನ್ನು ತಮ್ಮ ಜೀವಮಾನದಲ್ಲೇ ಕಂಡಿಲ್ಲವೆಂದು ಇಂಗ್ಲಿಷಿನಲ್ಲಿ ಹೇಳಿ ಕೂತರು.

ಸಭೆಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಬಟ್ಟೆ ಅಂಗಡಿಯ ಶಿವರುದ್ರಪ್ಪ ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ಮಲ್ಲಿಕಾರ್ಜುನಯ್ಯನವರ ಕಣ್ಣು ಒದ್ದೆಯಾಯಿತು. ಆಫೀಸು, ಆಫೀಸರ್, ಆಫಿಷಿಯಲ್, ಅದಕ್ಕೂ ಒಂದು ಮೆಟ್ಟಿಲು ಮೇಲೆ ಆಫಿಷಿಯಸ್! ಮೂವತ್ತು ವರ್ಷ ಸರ್ಕಾರ ಕೊಡದೆ ಹೋದದ್ದನ್ನು ಎದುರು ಮನೆಯ ಮೇಡಂ ಒಂದೇ ಮಾತಿನಲ್ಲಿ ಕೊಟ್ಟಿದ್ದರು. “ಈ ಬಿರುದಿಗೆ ನಾನು ಅರ್ಹನೋ ಅಲ್ಲವೋ...” ಎಂದು ಶುರು ಮಾಡಿ ಬಹಳ ಹೊತ್ತು ಮಾತಾಡಿದರು. ಇವರು ಬೈಗುಳವನ್ನು ಎಷ್ಟು ಹಗುರವಾಗಿ ತೆಗೆದುಕೊಂಡರಲ್ಲ ಎಂದು ಗಿರಿಜಾಂಬಾಗೇ ಆಶ್ಚರ್ಯವಾಯಿತಂತೆ.

ಸ್ವಲ್ಪ ದಿನಕ್ಕೆ ಗೇಟಿನ ಮೇಲೆ ಹೊಸ ಬೋರ್ಡು ಬಂತು: ‘ಎಂ. ಮಲ್ಲಿಕಾರ್ಜುನಯ್ಯ, ಆಫಿಷಿಯಸ್ ಸೆಕ್ರೆಟರಿ’. ಪದ ಬೀದಿಯಲ್ಲಿ ಬೇರು ಬಿಟ್ಟಿತು. ಶಿವರುದ್ರಪ್ಪ ತಮ್ಮ ಮಗಳಿಗೆ ನೋಡಿದ ಗಂಡಿನ ಬಗ್ಗೆ, “ಹುಡುಗ ತುಂಬಾ ಆಫಿಷಿಯಸ್ಸು, ಸಿಗರೇಟು ಕೂಡಾ ಮುಟ್ಟಲ್ಲ” ಎಂದು ಎಲ್ಲರಿಗೂ ಹೇಳಿಕೊಂಡು ಬಂದರು.

ಹೀಗೆ ಎರಡು ವರ್ಷ ನಡೆಯಿತು. ಒಂದು ಸಂಜೆ ಮೊಮ್ಮಗಳು ಮಾನ್ಯ ಸ್ಕೂಲಿನಿಂದ ಕುಣಿಯುತ್ತಾ ಬಂದಳು. ಎಂಟನೇ ಕ್ಲಾಸು. ಹೊಸ ಪದ ಬಳಸಿ ಒಂದು ವಾಕ್ಯ ಹೇಳಿ ಎಂದು ಇಂಗ್ಲಿಷ್ ಟೀಚರ್ ಕೇಳಿದ್ದರಂತೆ.

“ನಮ್ ತಾತ ತುಂಬಾ ಆಫಿಷಿಯಸ್, ದಿನಾ ಎಲ್ಲರ ಮನೆಗೂ ಹೋಗ್ತಾರೆ ಅಂದೆ. ಟೀಚರ್ ನಕ್ಕೂ ನಕ್ಕೂ, ಇಷ್ಟು ಕರೆಕ್ಟಾಗಿ ಈ ಪದ ಬಳಸಿದೋರ್ನ ನಾನ್ ನೋಡೇ ಇಲ್ಲ ಅಂದ್ರು ತಾತ!”

ಮೊಮ್ಮಗಳಿಗೆ ಬಹುಮಾನ ಕೊಡಬೇಕಲ್ಲ. ಮಾರನೆಯ ದಿನವೇ ಮಲ್ಲಿಕಾರ್ಜುನಯ್ಯ ಅವೆನ್ಯೂ ರಸ್ತೆಗೆ ಹೋಗಿ ಇಂಗ್ಲಿಷ್–ಕನ್ನಡ ನಿಘಂಟು ತೆಗೆಸಿದರು. ಆ ಒಂದು ಪದಕ್ಕೆ ಕೆಂಪು ಗೆರೆ ಎಳೆದೇ ಕೊಡೋಣವೆಂದು ಅಂಗಡಿಯಲ್ಲೇ ಪುಟ ತಿರುಗಿಸಿದರು. ‘ಕೇಳದಿದ್ದರೂ ಮೇಲೆ ಬಿದ್ದು ಸಹಾಯಕ್ಕೆ ಬರುವ, ಬೇಡದ ಕಡೆ ತಲೆಹಾಕುವ, ಅಧಿಕಪ್ರಸಂಗಿ.’

“ಇದ್ರಲ್ಲಿ ಪ್ರಿಂಟು ತಪ್ಪಿದೆ. ಬೇರೆ ಕೊಡಿ.”

ಬೇರೆ ಕೊಟ್ಟರು. ಅದಾದ ಮೇಲೆ ಇನ್ನೊಂದು ಕೊಟ್ಟರು.

“ಸಾರ್, ಯಾವ ಕಂಪನಿದು ತಗೊಂಡ್ರೂ ಅರ್ಥ ಅದೇ ಇರುತ್ತೆ” ಎಂದ ಅಂಗಡಿಯವನು.

ಪುಸ್ತಕ ಕೊಳ್ಳದೆ ನಡೆದುಕೊಂಡೇ ಮನೆಗೆ ಬಂದರು. ಶಿವರುದ್ರಪ್ಪನ ಚಪ್ಪಾಳೆ, ತಮ್ಮ ಭಾಷಣ, ಎರಡು ವರ್ಷ ಬೋರ್ಡು ನೋಡಿ ಹೋದವರ ಮುಖಗಳು ದಾರಿಯುದ್ದಕ್ಕೂ ಜೊತೆಗಿದ್ದವು. ಬಂದವರೇ ಬೋರ್ಡಿಗೆ ನ್ಯೂಸ್‌ಪೇಪರ್ ಸುತ್ತಿ ಒಳಗೆ ಹೋದರು. ಆಮೇಲೆ ಹೊರಗೆ ಬರಲೇ ಇಲ್ಲ.

ಅವರಿಲ್ಲದೆ ಬೀದಿ ಬಡವಾಯಿತು ಎಂದು ಬರೆಯುವ ಆಸೆ ನನಗೂ ಇದೆ. ಆದರೆ ಆ ವಾರ ಬೀದಿ ಬಹಳ ಚೆನ್ನಾಗಿತ್ತು. ಕಸದ ಗಾಡಿ ತನಗೆ ತೋಚಿದ ತುದಿಯಿಂದ ಬಂತು, ಕಸವೂ ಹೋಯಿತು. ಕಷ್ಟಕ್ಕೆ ಸಿಕ್ಕವರು ಕಲ್ಯಾಣಮ್ಮ ಒಬ್ಬರೇ. ಅವರು ಒಂದು ಮಧ್ಯಾಹ್ನ ರಸ್ತೆ ದಾಟಿ ಗಿರಿಜಾಂಬಾ ಮನೆಗೆ ಓಡಿದರು.

“ಮೇಡಂ, ಇಡೀ ದಿನ ಅಡುಗೆಮನೇಲೇ ಇರ್ತಾರೆ. ಸಾಸಿವೆ ಯಾವಾಗ ಹಾಕ್ಬೇಕು ಅಂತ ನಂಗೆ ಹೇಳ್ಕೊಡ್ತಿದಾರೆ. ನೀವ್ ಅಂದ ಮಾತು, ನೀವೇ ಏನಾದ್ರೂ ಮಾಡಿ. ಹೆಂಗಾದ್ರೂ ಆಚೆ ಕಳ್ಸಿ.”

ಸಂಪಿಗೆ ಮರ ಆ ಹೊತ್ತಿಗೆ ಮತ್ತೆ ಚಿಗುರಿತ್ತು; ಗಿರಿಜಾಂಬಾ ಅವರ ಕೋಪವೂ ಇಳಿದಿತ್ತು. ತಮ್ಮಲ್ಲಿದ್ದ ಹಳೆಯ ದಪ್ಪ ನಿಘಂಟನ್ನು ಎರಡು ಕೈಯಲ್ಲೂ ಹೊತ್ತು ಬಂದು ಮಲ್ಲಿಕಾರ್ಜುನಯ್ಯನವರ ಮುಂದೆ ತೆರೆದಿಟ್ಟರು. ಎಲ್ಲ ಅರ್ಥಗಳ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದಿತ್ತು.

“ನೋಡಿ, ಹಳೇ ಕಾಲದಲ್ಲಿ ಈ ಪದಕ್ಕೆ ಉಪಕಾರಿ, ಪರರಿಗೆ ಆಗುವವನು ಅಂತಲೂ ಅರ್ಥ ಇತ್ತು. ಮನಸ್ಸಿಗೆ ಹಚ್ಕೋಬೇಡಿ.”

ಮಲ್ಲಿಕಾರ್ಜುನಯ್ಯ ಕನ್ನಡಕ ಹಾಕಿಕೊಂಡು ಆ ಸಾಲನ್ನು ಬೆರಳಿಟ್ಟು ಓದಿದರು. “ಈಗ ಹಂಗೆ ಬಳಸಲ್ವಾ?”

“ಇಲ್ಲ. ಆ ಅರ್ಥ ಬಿದ್ದುಹೋಗಿದೆ. ಯಾರೂ ಬಳಸಲ್ಲ.”

“ಯಾರಾದ್ರೂ ಎತ್ತಿ ನಿಲ್ಲಿಸ್ಬೇಕಲ್ವಾ ಮೇಡಂ?”

ತಾವು ಎಂಥ ತಪ್ಪು ಮಾಡಿದೆವೆಂದು ಗಿರಿಜಾಂಬಾಗೆ ಆಗಲೇ ಹೊಳೆಯಿತಂತೆ. ಆದರೆ ಅಷ್ಟರಲ್ಲಿ ಮಲ್ಲಿಕಾರ್ಜುನಯ್ಯ ಚಪ್ಪಲಿ ಮೆಟ್ಟಿಯಾಗಿತ್ತು. ಬೋರ್ಡಿನ ಪೇಪರ್ ಕಿತ್ತು, ಮೊದಲು ಹೋದದ್ದು ಶಿವರುದ್ರಪ್ಪನವರ ಮನೆಗೆ. ಅಂದು ಆಫಿಷಿಯಸ್ಸಾಗಿದ್ದ ಹುಡುಗ ಈಗ ಅಳಿಯನಾಗಿ ಊಟಕ್ಕೆ ಕೂತಿದ್ದ. ಅವನಿಗೆ ಈ ಪದವನ್ನು ಯಾವ ಅರ್ಥದಲ್ಲಿ ಹೇಳಬಹುದು, ಯಾವ ಅರ್ಥದಲ್ಲಿ ಕೂಡದು ಎಂದು ಅನ್ನ ಆರುವವರೆಗೂ ವಿವರಿಸಿದರು. ಆಮೇಲೆ ಪಕ್ಕದ ಮನೆ, ಅದರ ಪಕ್ಕದ್ದು. ಬಾಗಿಲು ತೆರೆಯದವರಿಗೆ ಕಿಟಕಿಯಿಂದ ಹೇಳಿದರು.

ಉಳಿದದ್ದು ಇಂಗ್ಲಿಷ್ ಟೀಚರ್ ಒಬ್ಬರು. ಅವರು ನಕ್ಕದ್ದು ಹೊಸ ಅರ್ಥಕ್ಕೆ, ಹಳೆಯದು ಅವರಿಗೆ ಗೊತ್ತಿದ್ದಂತಿಲ್ಲ. ಹೇಳಿಕೊಡುವುದು ಒಳ್ಳೆಯದು ಎಂದು ಮರುದಿನ ಸಂಜೆ ಸ್ಕೂಲಿಗೆ ಹೋದರು. ಮಕ್ಕಳನ್ನು ಬಿಡುವ ಹೊತ್ತು. ಗೇಟಿನ ಮುಂದೆ ಆಟೋಗಳು ಒಂದಕ್ಕೊಂದು ಸಿಕ್ಕಿಕೊಂಡು ಹಾರ್ನು ಹೊಡೆಯುತ್ತಿದ್ದವು. ಮಲ್ಲಿಕಾರ್ಜುನಯ್ಯ ಒಂದು ನಿಮಿಷ ನೋಡಿದರು. ಆಮೇಲೆ ಪಂಚೆ ಎತ್ತಿ ಕಟ್ಟಿ ನಡುರಸ್ತೆಗೆ ಇಳಿದು, “ಏಯ್, ಮುಂದಿನ್ ಆಟೋ, ಹಿಂದಕ್ಕೆ ತಗೊಳಪ್ಪಾ!” ಎಂದು ಕೈ ಎತ್ತಿದರು. ಮಾನ್ಯ ಅದನ್ನು ದೂರದಿಂದಲೇ ಕಂಡು, ಗೆಳತಿಯರನ್ನು ಎಳೆದುಕೊಂಡು ಸ್ಕೂಲಿನ ಹಿಂಬಾಗಿಲಿನಿಂದ ಮನೆಗೆ ಹೋದಳು.