ಒಗೆದು ಒಣಹಾಕಿದ ಕೈಗವಸುಗಳು

ಆಸ್ಪತ್ರೆಯ ಹಿಂಬದಿಯ ತಂತಿಯ ಮೇಲೆ ಕೈಗವಸುಗಳನ್ನು ಒಣಹಾಕುತ್ತಿದ್ದರು, ಬೆರಳುಗಳು ಕೆಳಗಾಗಿ, ಒಂದೊಂದಕ್ಕೂ ಕ್ಲಿಪ್ಪು ಸಿಕ್ಕಿಸಿ. ಕೋವಿಡ್ ಎರಡನೇ ಅಲೆಯ ಬೇಸಿಗೆಯಲ್ಲಿ ಅವ್ವನಿಗೆ ಬುತ್ತಿ ಕೊಡಲು ಹೋದಾಗಲೆಲ್ಲ ನನ್ನ ಕಣ್ಣಿಗೆ ಮೊದಲು ಬೀಳುತ್ತಿದ್ದದ್ದು ಅವೇ. ಒಮ್ಮೆ ಬಳಸಿ ಎಸೆಯಬೇಕಾದ ತೆಳು ರಬ್ಬರಿನ ಗವಸುಗಳು. ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ಅದ್ದಿ, ಒಣಗಿಸಿ, ಮರುದಿನ ಮತ್ತೆ ತೊಡುತ್ತಿದ್ದರು. ಹೊಸ ಡಬ್ಬಿ ಬರುವ ತನಕ ಎಂದು ಶುರುವಾದದ್ದು, ಡಬ್ಬಿ ಬಾರದೆ ಪದ್ಧತಿಯಾಗಿ ಉಳಿದಿತ್ತು.

ನಾನು ಬಳ್ಳಾರಿಯಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೆ. ಹಾಸ್ಟೆಲ್ ಮುಚ್ಚಿದ್ದರಿಂದ ಹರಪನಹಳ್ಳಿಗೆ ಬಂದಿದ್ದೆ. ಅಪ್ಪ ಮೆಕ್ಕೆಜೋಳದ ಮಂಡಿಯಲ್ಲಿ ಹಮಾಲಿ ಮಾಡುವವನು, ಮಂಡಿಯೂ ಮುಚ್ಚಿತ್ತು. ಮನೆಯಿಂದ ಕೆಲಸಕ್ಕೆ ಹೋಗುತ್ತಿದ್ದವಳು ಅವ್ವ ಒಬ್ಬಳೇ. ಅವಳು ಕೋವಿಡ್ ವಾರ್ಡಿನಲ್ಲಿ ಕಸ ಗುಡಿಸಿ, ನೆಲ ಒರೆಸಿ, ರೋಗಿಗಳ ಹಾಸಿಗೆ ಬದಲಿಸುವ ಆಯಾ. ಸರ್ಕಾರಿ ನೌಕರಿಯಲ್ಲ, ಗುತ್ತಿಗೆದಾರನ ಮೂಲಕ ಸಿಕ್ಕ ಕೆಲಸ. ಆ ಕೆಲಸವಿತ್ತೆಂದೇ ನಮ್ಮ ಮನೆಯ ಒಲೆ ಉರಿಯುತ್ತಿತ್ತು.

ಅವ್ವನ ಎರಡೂ ಕೈಗಳಲ್ಲಿ ಹಸಿರು ಗಾಜಿನ ಬಳೆಗಳಿದ್ದವು. ನಮ್ಮಲ್ಲಿ ಗಂಡನಿರುವ ಹೆಂಗಸು ಬರಿಗೈಯಲ್ಲಿ ಇರುವುದಿಲ್ಲ. ಬಳೆಗಾರ್ತಿ ಹೊಸ ಬಳೆ ತೊಡಿಸುವಾಗಲೂ ಹಳೆಯದೊಂದನ್ನು ಕೈಯಲ್ಲಿ ಉಳಿಸಿಕೊಂಡು, ಹೊಸದು ಏರಿದ ಮೇಲೆಯೇ ಅದನ್ನು ತೆಗೆಯುತ್ತಾಳೆ. ಹಾಗಾಗಿ ವಾರ್ಡಿನ ಹೆಂಗಸರು ತಮ್ಮದೇ ಉಪಾಯ ಮಾಡಿಕೊಂಡಿದ್ದರು. ಬಳೆಗಳನ್ನು ಮೊಣಕೈಯ ಕಡೆಗೆ ಸರಿಸಿ, ಹಳೆಯ ಸೀರೆಯ ಪಟ್ಟಿ ಸುತ್ತಿ ಬಿಗಿದು, ಆಮೇಲೆ ಗವಸು ತೊಡುತ್ತಿದ್ದರು. ಅವ್ವನ ಆ ಪಟ್ಟಿಗಳು ನಮ್ಮ ಹಿತ್ತಲಲ್ಲಿ ದಿನವೂ ಒಣಗುತ್ತಿದ್ದವು.

ಒಂದು ಬೆಳಿಗ್ಗೆ ನಾನು ಹಿಂದಿನ ಗೇಟಿನ ಬಳಿ ನಿಂತಿದ್ದಾಗ ಗುತ್ತಿಗೆದಾರನ ಸೂಪರ್‌ವೈಸರ್ ಬಂದು ಹೆಂಗಸರನ್ನೆಲ್ಲ ಕರೆದ. ಅವನು ಗೇಟು ದಾಟಿ ಒಳಗೆ ಬರುತ್ತಿರಲಿಲ್ಲ.

"ನಾಳೆಯಿಂದ ಗಾಜಿನ ಬಳಿ ಬ್ಯಾಡ್ರಿ. ಗ್ಲೌಸ್ ಹರೀತಾವು."

"ನಿಮ್ಮನಿಯಾಕೀವು ಮೊದ್ಲು ಬಿಚ್ಚಿಸಿ ಬಾರಪ್ಪಾ," ಎಂದಳು ಒಬ್ಬಳು.

"ಆಕಿ ಏನ್ ವಾರ್ಡಿಗೆ ಬರ್ತಾಳೇನು?"

"ನೀ ಬರ್ತೀಯೇನು?"

ಎಲ್ಲರೂ ನಕ್ಕರು. ಅವರ ನಡುವೆ ಬಾಗಳಿಯಿಂದ ಬಂದು ನಮ್ಮ ಓಣಿಯಲ್ಲೇ ನೆಲೆಸಿದ್ದ ಒಬ್ಬ ವಿಧವೆ ಇದ್ದಳು. ಅವ್ವ ಅವಳನ್ನು ಬಾಗಳಿಯಕ್ಕ ಎನ್ನುತ್ತಿದ್ದಳು. ಅವಳು ತನ್ನ ಬೋಳು ಕೈಗಳನ್ನು ನೋಡಿಕೊಂಡು, "ನನ್ನ ನಸೀಬು ನೋಡ್ರವಾ, ಸಾಹೇಬ್ರು ರೂಲ್ಸ್ ಮಾಡೋಕಿಂತ ಮುಂಚೇನೇ ಪಾಲಿಸೀನಿ," ಎಂದಳು. ಮತ್ತೆ ನಗು. ಅವ್ವ ನಗಲಿಲ್ಲ.

ಸಂಜೆ ಅಪ್ಪ ಕಟ್ಟೆಯ ಮೇಲೆ ಕೂತು ಹೇಳಿದ, "ಬಿಚ್ಚಿಡು ಲೇ. ನನ್ನ ಜೀವ ನಿನ್ನ ಬಳ್ಯಾಗ ಐತೇನು?"

"ಐತೋ ಇಲ್ಲೋ ಯಾರಿಗೆ ಗೊತ್ತು. ದಿನಾ ಮಂದಿ ಹೋಗಾಕತ್ಯಾರ. ಇಂಥಾ ಟೈಮಿನಾಗ ಬರಿಗೈಲೆ ನಾ ಅಲ್ಲಿ ನಿಲ್ಲಂಗಿಲ್ಲ."

"ಗೊಂಜಾಳದ ಚೀಲ ಹೊತ್ತು ಹೊತ್ತು ಸಾಯದಾಂವ, ನಿನ್ನ ಬಳಿ ತೆಗದ್ರ ಸಾಯ್ತೀನಾ?" ಎಂದು ಅಪ್ಪ ನನ್ನ ಕಡೆ ತಿರುಗಿದ. "ಓದಿದಾಕಿ, ನೀನಾರ ಹೇಳು."

ನಾನು ಎದ್ದು ಒಳಗೆ ಹೋದೆ. ಬಳೆಯ ವಿಷಯ ಅವರಿಬ್ಬರದು ಎಂದುಕೊಂಡೆ. ಅವ್ವ ಮರುದಿನವೂ ಪಟ್ಟಿ ಸುತ್ತಿಕೊಂಡೇ ಹೋದಳು. ಬೇರೆ ಹೆಂಗಸರು ಒಬ್ಬೊಬ್ಬರಾಗಿ ಬಳೆ ತೆಗೆದು, ಮಣಿಕಟ್ಟಿಗೆ ಅರಿಶಿನದ ದಾರ ಕಟ್ಟಿಕೊಂಡರು. ಕೊನೆಗೆ ಬಳೆ ಉಳಿದದ್ದು ಅವ್ವನ ಕೈಯಲ್ಲಿ ಮಾತ್ರ.

ಆ ಹೊತ್ತಿಗೆ ಆಸ್ಪತ್ರೆಯಲ್ಲಿ ಜಾಗವಿರಲಿಲ್ಲ. ವರಾಂಡದಲ್ಲಿ ಮಂಚ ಹಾಕಿದ್ದರು, ಮಂಚ ಮುಗಿದ ಮೇಲೆ ಚಾಪೆ. ದೂರದ ಗುಡೇಕೋಟೆಯ ಕಡೆಯಿಂದಲೂ ಗಾಡಿಗಳು ಬಂದು ಬೇವಿನ ಮರದ ಕೆಳಗೆ ಕಾಯುತ್ತಿದ್ದವು. ಒಳಗೆ ಯಾರಾದರೂ ಎದ್ದು ಹೋಗಲಿ ಎಂದು ಹೊರಗಿನವರು ಕಾಯುತ್ತಿದ್ದರು. ಹೇಗೆ ಎದ್ದು ಹೋಗುತ್ತಾರೆಂದು ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

ಅವ್ವನಿಗೆ ಜ್ವರ ಬಂತು, ಆಮೇಲೆ ಉಸಿರಿನ ತೊಂದರೆ. ತಾನೇ ಒರೆಸುತ್ತಿದ್ದ ವಾರ್ಡಿನಲ್ಲಿ ಅವಳಿಗೊಂದು ಮಂಚ ಸಿಕ್ಕಿತು. ಅಲ್ಲಿ ಕೆಲಸ ಮಾಡುವವಳು ಎಂಬ ಕಾರಣಕ್ಕೆ ಸಿಕ್ಕ ಮಂಚ ಅದು. ಅಪ್ಪ ಬೇವಿನ ಮರದ ಕೆಳಗೆ ಕೂತ. ನಾನು ಬುತ್ತಿ ತರುವುದನ್ನು ಮುಂದುವರಿಸಿದೆ. ಗೇಟಿನಲ್ಲಿ ಅದನ್ನು ಬಾಗಳಿಯಕ್ಕ ತೆಗೆದುಕೊಳ್ಳುತ್ತಿದ್ದಳು. "ಅರ್ಧ ರೊಟ್ಟಿ ತಿಂದಾಳ," ಎಂದೋ "ಬೈಯಾಕ ಶುರು ಮಾಡ್ಯಾಳ, ಇನ್ನ ಉಳೀತಾಳ ಬಿಡು," ಎಂದೋ ಹೇಳಿ ಖಾಲಿ ಡಬ್ಬಿ ಕೊಡುತ್ತಿದ್ದಳು.

ಅವ್ವ ಚೇತರಿಸಿಕೊಳ್ಳುತ್ತಿದ್ದಾಗ ಒಂದು ದಿನ ಸೂಪರ್‌ವೈಸರ್ ಗೇಟಿನ ಬಳಿ ನನ್ನನ್ನು ನಿಲ್ಲಿಸಿದ. ವಾರ್ಡಿನ ಕೆಲಸದಿಂದ ಸೋಂಕು ತಗುಲಿದ ಆಯಾಗಳಿಗೆ ರಜೆಯ ದಿನಗಳ ಕೂಲಿ ಕೊಟ್ಟು, ಜಾಗವನ್ನೂ ಉಳಿಸಬೇಕೆಂಬ ನಿಯಮವಿತ್ತು. ಬೇರೆ ರೀತಿಯಲ್ಲಿ ಬಂದರೆ ಅದು ಅನ್ವಯಿಸುತ್ತಿರಲಿಲ್ಲ.

"ನಿಮ್ಮವ್ವಂದು ವಾರ್ಡಿನ ಲೆಕ್ಕಕ್ಕ ಬರಂಗಿಲ್ಲವಾ," ಎಂದ. "ಬಳಿ ಬ್ಯಾಡಂದ್ರೂ ಕೇಳ್ಲಿಲ್ಲ. ಹಾಕ್ಕೊಂಡು ಗ್ಲೌಸ್ ಹರಕೊಂಡ್ಲು, ಜಡ್ಡು ಹಚ್ಚಿಕೊಂಡ್ಲು. ಆ ಜಾಗಕ್ಕ ಬ್ಯಾರೆಯಾಕಿನ್ನ ತಗೋತೀವಿ."

ಬ್ಲೀಚಿಂಗ್ ನೀರಿನಲ್ಲಿ ಮತ್ತೆ ಮತ್ತೆ ಅದ್ದಿದರೆ ರಬ್ಬರು ತಾನಾಗಿಯೇ ಬಿರುಕು ಬಿಡುತ್ತದೆ, ಬಳೆಯೇ ಬೇಕಿಲ್ಲ ಎಂದು ನಾನು ಹೇಳಿದೆ. ಪಾಠ ಒಪ್ಪಿಸಿದಂತೆ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ.

"ಹಂಗಾದ್ರ ಉಳದೋರಿಗೆ ಯಾಕ ಬರಲಿಲ್ಲ? ಬಳಿ ಇದ್ದಾಕಿಗಷ್ಟೇ ಯಾಕ ಬಂತು?"

ಯಾರಿಗೆ ಬರುತ್ತದೆ, ಯಾರಿಗೆ ಇಲ್ಲ ಎಂಬುದು ಆಗ ದೊಡ್ಡ ಡಾಕ್ಟರರಿಗೂ ಗೊತ್ತಿರಲಿಲ್ಲ.

ಬಾಗಳಿಯಕ್ಕ ತಂತಿಯ ಹತ್ತಿರ ನಿಂತು ಕ್ಲಿಪ್ಪು ಹಾಕುತ್ತಿದ್ದಳು. ಕೈಯಲ್ಲಿದ್ದ ಗವಸನ್ನು ಹಿಡಿದುಕೊಂಡೇ ಗೇಟಿಗೆ ಬಂದಳು. ಅವನ ಎದುರಿಗೇ ಅದನ್ನು ತೊಟ್ಟು ಮುಷ್ಟಿ ಬಿಗಿದಳು. ಹೆಬ್ಬೆರಳಿನ ಬುಡದಲ್ಲಿ ಅದು ಸದ್ದಿಲ್ಲದೆ ಬಾಯಿ ಬಿಟ್ಟಿತು.

"ಇದು ನಂದು. ನಿನ್ನೆ ಹಾಕ್ಕೊಂಡಿದ್ದೂ ಹರದೈತಿ, ಮೊನ್ನೇದೂ ಹರದೈತಿ. ನನ್ನ ಕೈಯಾಗ ಬಳಿ ಎಲ್ಲಿ ಐತಿ, ತೋರ್ಸೋ ನನ್ನಪ್ಪಾ."

ಗವಸು ಕಿತ್ತು ಎರಡೂ ಕೈಗಳನ್ನು ಅವನ ಮುಖದ ಮುಂದೆ ಚಾಚಿದಳು. ನಮ್ಮ ಓಣಿಯಲ್ಲಿ ತೊಟ್ಟಿಲು ಕಾರ್ಯವೋ ಸೀಮಂತವೋ ಆದಾಗ ಅವಳು ಬಾಗಿಲಾಚೆ ನಿಲ್ಲುತ್ತಿದ್ದಳು. ಅರಿಶಿನ ಕುಂಕುಮದ ತಟ್ಟೆ ಹೊರಬರುವಾಗ ಆ ಕೈಗಳು ತಾವಾಗಿಯೇ ಸೆರಗಿನೊಳಗೆ ಸೇರುತ್ತಿದ್ದವು. ಅವು ಯಾರ ಮುಂದೆಯೂ ಹೀಗೆ ಚಾಚಿಕೊಂಡದ್ದನ್ನು ನಾನು ನೋಡಿರಲಿಲ್ಲ.

ನಲ್ಲಿಯ ಬಳಿ ಕೈ ತೊಳೆಯುತ್ತಿದ್ದ ವೈದ್ಯರು ತಿರುಗಿ ನೋಡಿದರು. ಅವರ ಕಣ್ಣು ಕೆಂಪಾಗಿತ್ತು. ಮನೆಗೆ ಹೋಗಿ ಎಷ್ಟು ದಿನವಾಗಿತ್ತೋ.

"ಗ್ಲೌಸ್ ಒಗೆದು ಹಾಕ್ಕೊಳ್ತಿದೀರಾ?"

ಅವರು ತಂತಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಅದೇ ದಾರಿಯಲ್ಲಿ ದಿನವೂ ಓಡಾಡುತ್ತಿದ್ದವರು.

"ಒಳಗೆ ಮಲಗಿರೋ ಆಯಮ್ಮಂಗೆ ಡ್ಯೂಟಿಯಲ್ಲೇ ಬಂದಿದ್ದು," ಎಂದರು ಸೂಪರ್‌ವೈಸರಿಗೆ. "ಆಕೆ ಜಾಗ ಆಕೆಗೇ ಇರಲಿ. ನಾನೇ ಮೇಲಿನೋರಿಗೆ ಹೇಳ್ತೀನಿ." ಅಷ್ಟು ಹೇಳಿ ಒಳಗೆ ಹೋದರು. ಅವರನ್ನು ಯಾರೋ ಕರೆಯುತ್ತಿದ್ದರು.

ಹೊಸ ಗವಸಿನ ಡಬ್ಬಿಗಳು ಬಂದವು. ಅವ್ವ ಮನೆಗೆ ಬಂದು, ಮೆಟ್ಟಿಲು ಹತ್ತುವಷ್ಟು ಉಸಿರು ಕೂಡಿದ ಮೇಲೆ ಕೆಲಸಕ್ಕೆ ಮರಳಿದಳು. ಬಳೆ ತೆಗೆಯಲಿಲ್ಲ, ಪಟ್ಟಿ ಸುತ್ತುವುದನ್ನೂ ಬಿಡಲಿಲ್ಲ. ಯಾರೂ ಕೇಳಲಿಲ್ಲ.

ಬಸ್ಸುಗಳು ಓಡತೊಡಗಿದ ವಾರದಲ್ಲೇ ಬಾಗಳಿಯಕ್ಕನನ್ನು ಹಗರಿಬೊಮ್ಮನಹಳ್ಳಿಯ ಕಡೆಯ ಇನ್ನೊಂದು ಆಸ್ಪತ್ರೆಗೆ ಹಾಕಿದರು. ಅಲ್ಲಿ ಆಯಾಗಳು ಕಡಿಮೆ ಇದ್ದಾರೆ ಎಂದನಂತೆ ಸೂಪರ್‌ವೈಸರ್. ಅಂದಿನಿಂದ ಅವ್ವ ಬೆಳಿಗ್ಗೆ ಇನ್ನೂ ಬೇಗ ಮನೆ ಬಿಡತೊಡಗಿದಳು. ಆಸ್ಪತ್ರೆಗೆ ನೇರ ಹೋಗದೆ, ಬಸ್ ನಿಲ್ದಾಣದಲ್ಲಿ ಬಾಗಳಿಯಕ್ಕನ ಬಸ್ಸು ಹೊರಡುವ ತನಕ ಕೂತಿದ್ದು ಹೋಗುತ್ತಿದ್ದಳು.

ಹಾಸ್ಟೆಲ್ ತೆರೆದಾಗ ನಾನು ಬಳ್ಳಾರಿಗೆ ಹೊರಟದ್ದು ಅದೇ ಬಸ್ಸಿನಲ್ಲಿ. ಬಾಗಳಿಯಕ್ಕ ಕಿಟಕಿಯ ಪಕ್ಕ ಕೂತಿದ್ದಳು, ನಾನು ಅವಳ ಪಕ್ಕದಲ್ಲಿ. ಅವ್ವ ಕೆಳಗೆ ನಿಂತು ರೊಟ್ಟಿಯ ಗಂಟನ್ನು ಕಿಟಕಿಯಿಂದ ಕೊಟ್ಟಳು. ಅದು ನನಗಲ್ಲ, ಅವಳಿಗೆ.

"ಗ್ಲೌಸ್ ಹೊಸಾವು ಬರಾಕತ್ತಾವೇನು ನಿಮ್ಮಲ್ಲಿ?" ಎಂದಳು ಬಾಗಳಿಯಕ್ಕ.

"ಬರಾಕತ್ತಾವು. ನಿಮ್ಮಲ್ಲಿ?"

"ಒಗಿಯಾಕತ್ತೀವಿ."

ಅವ್ವ ಕಿಟಕಿಯ ಸರಳು ಹಿಡಿದಳು. "ಅಲ್ಲೂ ಕೈ ತೋರ್ಸು."

"ತೋರ್ಸಿದ್ರ ಮುಂದ ಹಡಗಲಿ. ಅಲ್ಲೂ ತೋರ್ಸಿದ್ರ ಕೂಡ್ಲಿಗಿ. ಬಸ್ ಪಾಸ್ ಮಾಡಿಸಿ ಬಿಡ್ತೀನಿ ತಗೋ."

ಬಸ್ಸು ಹೊರಟಿತು. ಊರು ದಾಟಿದ ಮೇಲೆ ಅವಳು ಗಂಟು ಬಿಚ್ಚಿ, ನನಗೂ ಒಂದು ರೊಟ್ಟಿ ಕೊಟ್ಟಳು.