ನೆಂಟರ ನೀರು ಮತ್ತು ನಮ್ಮ ಕೋದಂಡರಾಮಪ್ಪ ಮೇಷ್ಟ್ರು

ಕೋಲಾರ ಜಿಲ್ಲೆಯಲ್ಲಿ ರಸಾಯನಶಾಸ್ತ್ರವನ್ನು ಕಲಿಸಿದವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಅದನ್ನು ಪದವಿ ತರಗತಿಯ ಹುಡುಗರ ಕೈಯಿಂದಲೇ ಮಾಡಿಸಿದವರು, ಪರೀಕ್ಷೆಗೆ ಬಾರದ ಪ್ರಶ್ನೆಯೊಂದರ ಬೆನ್ನು ಹತ್ತಿ ಅಲೆಯುವ ಹುಚ್ಚನ್ನು ಅವರಿಗೆ ಹಿಡಿಸಿದವರು, ನಾನು ಕಂಡಂತೆ ಒಬ್ಬರೇ. ಅವರೇ ಈ ಅಭಿನಂದನಾ ಸಂಪುಟದ ಗೌರವಕ್ಕೆ ಪಾತ್ರರಾಗಿರುವ ಪೂಜ್ಯ ಪ್ರಾಧ್ಯಾಪಕ ಕೋದಂಡರಾಮಪ್ಪನವರು. ಸಂಶೋಧನೆಯೆಂದರೆ ಎಂ.ಎಸ್ಸಿ. ಮುಗಿಸಿ, ಬೆಂಗಳೂರು ಸೇರಿ, ಬಿಳಿ ಕೋಟು ತೊಟ್ಟವರ ಸೊತ್ತು ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ ಅವರು ಆ ಕೆಲಸವನ್ನು ನಮ್ಮಂಥ ಹಳ್ಳಿ ಹುಡುಗರಿಗೆ ವಹಿಸಿದರು. ಅಂಥವರು ನಿವೃತ್ತರಾಗುತ್ತಿದ್ದಾರೆಂದು ಕೇಳಿದಾಗ ನನಗೆ ಸಂತೋಷವೇನೂ ಆಗಲಿಲ್ಲ, ಸುಳ್ಳೇಕೆ ಹೇಳಲಿ?

ಮಾಲೂರು ಸೀಮೆಯ ಬೇಸಾಯದ ಮನೆತನದಲ್ಲಿ ಹುಟ್ಟಿ, ಹಲವು ವರ್ಷ ಅಲ್ಲಿಯೇ ಹೈಸ್ಕೂಲು ಉಪಾಧ್ಯಾಯರಾಗಿದ್ದ ಮೇಷ್ಟ್ರು, ೧೯೭೧ರಲ್ಲಿ ಕೋಲಾರದ ನಮ್ಮ ಕಾಲೇಜಿಗೆ ಬಂದರು. ಬಂದ ಕೆಲವು ವರ್ಷಗಳಲ್ಲೇ ‘ಶನಿವಾರದ ಕೆಲಸ’ವನ್ನು ಆರಂಭಿಸಿದರು. ಬಿ.ಎಸ್ಸಿ. ಕೊನೆಯ ವರ್ಷದ ಪ್ರತಿಯೊಬ್ಬನೂ ತನ್ನದೇ ಒಂದು ಪ್ರಶ್ನೆ ತರಬೇಕು, ಶನಿವಾರ ಮಧ್ಯಾಹ್ನ ಪ್ರಯೋಗಶಾಲೆ ಅವನ ಪಾಲಿಗೆ ತೆರೆದಿರುತ್ತದೆ, ಅಂಕವಿಲ್ಲ, ಬಹುಮಾನವಿಲ್ಲ. ಪ್ರಶ್ನೆಗೆ ಇದ್ದ ಷರತ್ತು ಒಂದೇ. “ಪುಸ್ತಕದಲ್ಲಿರೋದು ನಂಗೆ ಬೇಡ ಕಣ್ರೋ. ನಿಮ್ಮ ಮನೇಲಿ ಯಾರಿಗಾದ್ರೂ ಅದರ ಉತ್ತರ ಬೇಕಾಗಿರ್ಬೇಕು,” ಎನ್ನುತ್ತಿದ್ದರು. ಮುಳಬಾಗಿಲಿನ ಏಜಾಜನ ತಂದೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಹುಣಿಸೆಹಣ್ಣಿನ ಸಾರು ಕಾಯಿಸಿದರೆ ಕಲಾಯಿ ಎಷ್ಟು ದಿನ ತಡೆಯುತ್ತದೆಂಬುದೇ ಅವನ ಪ್ರಶ್ನೆಯಾಯಿತು. ಪ್ರಯೋಗಶಾಲೆಯಲ್ಲಿ ಸಾರು ಕುದಿಯುವ ಘಮಕ್ಕೆ ಪ್ರಿನ್ಸಿಪಾಲರೂ ಒಮ್ಮೆ ಇಣುಕಿ ನೋಡಿ ಹೋದದ್ದುಂಟು.

ನಾನು ಆ ತಂಡಕ್ಕೆ ಸೇರಿದ್ದು ೧೯೭೭ರಲ್ಲಿ. ಶ್ರೀನಿವಾಸಪುರ ತಾಲ್ಲೂಕಿನ ನಮ್ಮೂರಿನಲ್ಲಿ ಹುಟ್ಟಿ ಬೆಳೆದವರ ಹಲ್ಲಿನ ಮೇಲೆಲ್ಲ ಕಂದು ಪಟ್ಟೆ. ಯಾವುದೋ ಶಾಪವೆಂದು ಊರವರು ಅನ್ನುತ್ತಿದ್ದರು. ಆ ಊರ ಹೆಣ್ಣುಮಕ್ಕಳಿಗೆ ಹಲ್ಲುಜ್ಜುವ ಅಭ್ಯಾಸವಿಲ್ಲವೆಂದು ಹೊರಗಿನವರು ಆಡಿಕೊಳ್ಳುತ್ತಿದ್ದರು. ನನ್ನ ಅಕ್ಕ ಗಂಗರತ್ನಳನ್ನು ನೋಡಲು ಬಂದ ಗಂಡಿನ ಕಡೆಯವರು, ಅವಳು ಬಾಯಿ ತೆರೆದು ಹೆಸರು ಹೇಳುವವರೆಗೆ ಚೆನ್ನಾಗಿಯೇ ಮಾತಾಡುತ್ತಿದ್ದರು. ಆಮೇಲೆ ಬಸ್ಸಿಗೆ ಹೊತ್ತಾಯಿತೆಂದು ಎದ್ದುಬಿಡುತ್ತಿದ್ದರು. ಅಕ್ಕ ಇದ್ದಿಲಪುಡಿ, ಉಪ್ಪು, ಇಟ್ಟಿಗೆಪುಡಿ ಹಾಕಿ ಒಸಡಿನಲ್ಲಿ ರಕ್ತ ಬರುವಂತೆ ಉಜ್ಜುತ್ತಿದ್ದಳು. ನಗುವಾಗ ಸೆರಗು ಬಾಯಿಗೆ ಅಡ್ಡ ಬರುತ್ತಿತ್ತು, ಕಡೆಗೆ ನಗುವುದನ್ನೇ ಬಿಟ್ಟಳು. ಇದನ್ನು ಹೇಳಲು ನಾಚಿ ನಾನು ಸಾಬೂನಿನ ನೊರೆಯ ಬಗ್ಗೆ ಏನೋ ತೊದಲಿದಾಗ ಮೇಷ್ಟ್ರು ನನ್ನ ಹಲ್ಲನ್ನೇ ನೋಡುತ್ತಿದ್ದರು. “ಸಾಬೂನು ಹಾಳಾಗಿ ಹೋಗ್ಲಿ. ನಿನ್ನ ಪ್ರಶ್ನೆ ಬೇರೆ ಇದೆಯಲ್ಲೋ ಕದಿರೇಶ?” ಎಂದರು. ನಾನು ಅಳುತ್ತಲೇ ಎಲ್ಲವನ್ನೂ ಹೇಳಿದೆ.

ಅಕ್ಕನ ಹಲ್ಲು ಹೀಗಾದದ್ದು ಅವಳ ತಪ್ಪೋ, ಅಲ್ಲವೋ? ನನ್ನ ಅಧ್ಯಯನದ ಪ್ರಶ್ನೆಯೆಲ್ಲ ಇಷ್ಟೇ. ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ಹೀಗಾಗುವುದೆಂದು ಮೇಷ್ಟ್ರಿಗೆ ಓದಿ ಗೊತ್ತಿತ್ತು; ಆದರೂ ನನಗೆ ಹೇಳಲಿಲ್ಲ, ನಾನೇ ಓದಿ ಅಲ್ಲಿಗೆ ತಲುಪುವ ತನಕ ಕಾದರು. ಆಮೇಲೆ ಬೆಂಗಳೂರಿನ ಸ್ನೇಹಿತರೊಬ್ಬರ ಬೆನ್ನು ಬಿದ್ದು ಕೆಂಪು ಬಣ್ಣದ ದ್ರಾವಣವೊಂದನ್ನು ತರಿಸಿಕೊಟ್ಟರು. ಅದನ್ನು ನೀರಿಗೆ ಬೆರೆಸಿ ಒಂದು ಗಂಟೆ ಬಿಡಬೇಕು; ಫ್ಲೋರೈಡ್ ಹೆಚ್ಚಿದ್ದರೆ ಕೆಂಪು ಹೋಗಿ ಹಳದಿಯಾಗುತ್ತದೆ. ಹಾಸ್ಟೆಲಿನಲ್ಲಿದ್ದ ನಾನು ಮನೆಗೆ ಹೇಳಿ ಕಳುಹಿಸಿದೆ. ಅಮ್ಮ ನೀರು ತುಂಬಿಸಿದ ಬಾಟಲಿಯನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳುಹಿಸಿದಳು.

ಗಂಟೆ ಕಳೆಯಿತು. ಕೆಂಪು ಕೆಂಪಾಗಿಯೇ ಉಳಿಯಿತು.

ಮತ್ತೊಮ್ಮೆ ಮಾಡಿದರೂ ಅಷ್ಟೇ. ಹಾಗಾದರೆ ಜನ ಆಡುವುದೇ ನಿಜವೇ ಎಂದು ನಾನು ಕಂಗಾಲಾದೆ. ಮೇಷ್ಟ್ರು ಸಮಾಧಾನದ ಮಾತನ್ನೇನೂ ಆಡಲಿಲ್ಲ. ಮುಂದಿನ ಭಾನುವಾರ ಚೀಲದಲ್ಲಿ ದ್ರಾವಣದ ಬಾಟಲಿ ಹಾಕಿಕೊಂಡು, ನನ್ನೊಡನೆ ಬಸ್ಸು ಹತ್ತಿ, ಇಳಿದ ಮೇಲೆ ಬಿಸಿಲಲ್ಲಿ ನಡೆದು ನಮ್ಮ ಮನೆಯ ಜಗಲಿಗೆ ಬಂದು ಕುಳಿತರು.

ನನ್ನ ಅಮ್ಮ ಭಾರತಮ್ಮ ತಿಕ್ಕಿ ಬೆಳಗಿದ ಚೊಂಬಿನಲ್ಲಿ ನೀರು ತಂದಿಟ್ಟಳು. ಮೇಷ್ಟ್ರು ಗಟಗಟನೆ ಕುಡಿದು ಕೇಳಿದರು: “ನೀರು ಸಿಹಿಯಾಗಿದೆಯಲ್ಲಮ್ಮಾ. ನೀವು ದಿನಾ ಕುಡಿಯೋದೂ ಇದೇನಾ?”

“ಅಯ್ಯೋ, ಇದು ಚುಟ್ಟಾಲ ನೀಳ್ಳು ಸ್ವಾಮಿ, ನೆಂಟರ ನೀರು!” ಎಂದಳು ಅಮ್ಮ. “ಮಾವಿನ ತೋಪಿನ ಬಾವೀದು. ಅಷ್ಟು ದೂರದಿಂದ ದಿನಾ ಹೊರೋಕಾಗುತ್ತಾ? ಯಾರಾದ್ರೂ ಬಂದಾಗ ತರ್ತೀವಿ. ನಮಗೆ ಊರ ಬಾವಿ ಉಪ್ಪುನೀರೇ ಗತಿ.”

“ಮತ್ತೆ ಬಾಟಲೀಗೆ ತುಂಬಿದ್ದು?”

“ಕಾಲೇಜು ಮೇಷ್ಟ್ರಿಗೆ ಅಂತ ಹೇಳಿ ಕಳಿಸಿದ್ನಲ್ಲ ಇವ್ನು! ಮೇಷ್ಟ್ರಿಗೆ ಉಪ್ಪುನೀರು ಕಳಿಸ್ಲಾ? ಮರ್ಯಾದೆ ಬೇಡ್ವಾ ನಮಗೆ?”

ಮೇಷ್ಟ್ರು ತೊಡೆ ತಟ್ಟಿಕೊಂಡು ನಕ್ಕ ನಗೆ ಇನ್ನೂ ನನ್ನ ಕಿವಿಯಲ್ಲಿದೆ. ನಾನೂ ಅದೇ ಊರಿನವನು, ನನಗೂ ಹೊಳೆದಿರಲಿಲ್ಲ ನೋಡಿ! ಕೂಡಲೇ ಅಡುಗೆಮನೆಯ ಹಂಡೆಯ ನೀರು ತರಿಸಿದರು. ದ್ರಾವಣ ಬೆರೆಸಿ ಗಾಜಿನ ನಳಿಗೆಯನ್ನು ಜಗಲಿಯ ಮೇಲೆ ನಿಲ್ಲಿಸಿ, ಅಮ್ಮನೊಡನೆ ರಾಗಿ, ಹಿಪ್ಪುನೇರಳೆ ಎಂದು ಮಾತಿಗೆ ಕುಳಿತರು. ಅಕ್ಕ ಬಾಗಿಲ ಮರೆಯಲ್ಲಿ ನಿಂತು ನಳಿಗೆಯನ್ನೇ ನೋಡುತ್ತಿದ್ದಳು. ಬಣ್ಣ ತಿರುಗಿದ್ದನ್ನು ಮೊದಲು ಕಂಡವಳೂ ಅವಳೇ. “ಹಳದಿ ಆಯ್ತು,” ಎಂದಳು.

ಮೇಷ್ಟ್ರು ಎದ್ದು ನಿಂತು ಅವಳಿಗೇ ಹೇಳಿದರು: “ತಪ್ಪು ನೀರಿಂದು ತಾಯಿ. ನಿಂದಲ್ಲ.”

ಅಕ್ಕ ಹೊಸ್ತಿಲು ದಾಟಿ ಬಂದಳು. “ಇನ್ಮೇಲಿಂದ ತೋಪಿನ ನೀರೇ ಕುಡಿದ್ರೆ ನನ್ನ ಹಲ್ಲು ಬೆಳ್ಳಗಾಗುತ್ತಾ ಸಾರ್?”

ಆಗುತ್ತದೆಂದು ಹೇಳಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅಮ್ಮನೂ ಮೇಷ್ಟ್ರ ಬಾಯನ್ನೇ ನೋಡುತ್ತಿದ್ದಳು. ಅವರು ಮೆಲ್ಲಗೆ, “ಆಗಲ್ಲಮ್ಮಾ,” ಎಂದರು. “ಆಗಿದ್ದು ಹೋಗಲ್ಲ. ಇನ್ನು ಹುಟ್ಟೋ ಮಕ್ಕಳಿಗೆ ಬರದ ಹಾಗೆ ಮಾಡ್ಬಹುದು.” ಅಕ್ಕ ಒಳಗೆ ಹೋದಳು. ಆ ದಿನ ಮೇಷ್ಟ್ರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಮುಂದಿನ ತಿಂಗಳುಗಳಲ್ಲಿ ಸುತ್ತಲಿನ ಊರುಗಳ ಬಾವಿಗಳನ್ನೆಲ್ಲ ಪರೀಕ್ಷಿಸಿದೆವು. ಪ್ರತಿ ಊರಿನಲ್ಲೂ ಜನ ಕೊಟ್ಟ ನೀರನ್ನು ಮೇಷ್ಟ್ರು ಕುಡಿದು, “ನೆಂಟರದ್ದಾಯ್ತು, ಮನೆಯವರದ್ದು ತನ್ನಿ,” ಎನ್ನುತ್ತಿದ್ದರು. ಕೊನೆಗೆ ಸಿದ್ಧವಾದ ವರದಿಯ ಮೇಲೆ ನನ್ನ ಹೆಸರೊಂದೇ ಇತ್ತು. ತಮ್ಮದನ್ನೂ ಸೇರಿಸಿಕೊಳ್ಳಿರೆಂದು ಗೋಗರೆದರೂ ಕೇಳಲಿಲ್ಲ. ಅದನ್ನು ನಮ್ಮೂರ ಅರಳಿಕಟ್ಟೆಯಲ್ಲಿ, ಊರವರ ಮನೆಮಾತಾದ ತೆಲುಗಿನಲ್ಲಿ, ನನ್ನಿಂದಲೇ ಓದಿಸಿದರು. ಮಕ್ಕಳಿಗೆ ತೋಪಿನ ನೀರು, ನೆಂಟರಿಗೆ ಊರ ಬಾವಿಯದು ಎಂದು ತೀರ್ಮಾನವಾಯಿತು. ನಮ್ಮೂರ ಮರ್ಯಾದೆ ಹೋಯಿತೆಂದು ಮುನಿರಾಮಪ್ಪ ತಾತ ಸಾಯುವವರೆಗೂ ಗೊಣಗುತ್ತಿದ್ದರು. ಬೀದಿಯ ಮಕ್ಕಳಿಗೆ ಆ ನೀರು ಹೊತ್ತವಳು ಅಕ್ಕ. ಆಮೇಲೂ ಒಬ್ಬ ವರ ಬಂದ. ಅಕ್ಕ ತಲೆಯೆತ್ತಿ, “ಹಲ್ಲು ಹೀಗಿದೆ, ನೀರಿಂದ ಆಗಿದ್ದು. ನನ್ನ ಮಕ್ಕಳಿಗೆ ಬರಲ್ಲ,” ಎಂದು ತಾನೇ ಹೇಳಿದಳು. ಅವನ ಕಡೆಯವರೂ ಎದ್ದು ಹೋದರು. ಅಕ್ಕನಿಗೆ ಮದುವೆಯಾಗಲಿಲ್ಲ.

ಮೇಷ್ಟ್ರು ತಮ್ಮ ಡಾಕ್ಟರೇಟನ್ನು ಮುಂದಿನ ವರ್ಷ, ಮುಂದಿನ ವರ್ಷ ಎನ್ನುತ್ತ ಬಿಟ್ಟೇಬಿಟ್ಟರು. ಅವರ ಶನಿವಾರಗಳನ್ನೆಲ್ಲ ನಾವೇ ತಿಂದುಹಾಕಿದೆವು. ಈಗ ನಾನೂ ಮುಳಬಾಗಿಲಿನಲ್ಲಿ ಪಾಠ ಹೇಳುತ್ತೇನೆ. ಸಿಲಬಸ್ ಮುಗಿಸುವ ಧಾವಂತದಲ್ಲಿ ಶನಿವಾರ ಬಂದದ್ದೂ ತಿಳಿಯುವುದಿಲ್ಲ. ಎಷ್ಟೋ ಸಲ ಸಂಜೆ ಪ್ರಯೋಗಶಾಲೆಗೆ ಬೀಗ ಹಾಕುವಾಗ, ಅವರು ಹಿಂದಿನಿಂದ ಬಂದು “ಏನ್ಲಾ, ಏನು ಕಾಣಿಸ್ತು?” ಎಂದು ಕೇಳಬಾರದೇ ಅನ್ನಿಸುತ್ತದೆ. ಹಾಗೆ ಕೇಳುವವರಿಲ್ಲದೆ ಬದುಕು ಎಷ್ಟು ಬಡವಾಗಿದೆಯೆಂದು ಅವರಿಗೆ ಗೊತ್ತಿದೆಯೋ ಇಲ್ಲವೋ.

ಪೂಜ್ಯರು ನೂರು ಕಾಲ ಆರೋಗ್ಯದಿಂದಿರಲಿ. ಇನ್ನಾದರೂ ಅವರ ಶನಿವಾರಗಳು ಅವರದಾಗಲಿ. ಬಾಕಿ ಉಳಿದ ತಮ್ಮ ಪ್ರಶ್ನೆಗಳಿಗೆ ಅವರು ಮರಳಲಿ ಎಂದು ಎಲ್ಲ ಶಿಷ್ಯರ ಪರವಾಗಿ ಬೇಡಿಕೊಳ್ಳುತ್ತೇನೆ.

ಈ ಲೇಖನ ಬರೆಯುತ್ತಿದ್ದೇನೆಂದು ಹೇಳಲು ಹೋದ ವಾರ ಊರಿಗೆ ಹೋಗಿದ್ದೆ. ಅಕ್ಕ ಈಗ ಅಲ್ಲಿನ ಬಾಲವಾಡಿಯ ಟೀಚರು. ನಿನ್ನ ಪರವಾಗಿ ಏನು ಬರೆಯಲಿ ಎಂದು ಕೇಳಿದೆ. “ಸುಳ್ಳು ಹೇಳ್ಲಿಲ್ಲ ಅಂತ ಬರಿ ಕಣೋ,” ಎಂದಳು. “ಆವತ್ತು ಕನಿಕರಪಟ್ಟು ‘ಆಗುತ್ತಮ್ಮಾ’ ಅಂದುಬಿಟ್ಟಿದ್ರೆ, ನಾನು ಇವತ್ತಿಗೂ ಬೆಳಗಾದ್ರೆ ಕನ್ನಡಿ ಮುಂದೆ ಬಾಯಿ ತೆಕ್ಕೊಂಡು ನಿಂತಿರ್ತಿದ್ದೆ.”