ಇಪ್ಪತ್ತೊಂದು ಸೆಕೆಂಡು ಹಿಂದುಳಿದ ದನಿ

ಹುಮನಾಬಾದಿನ ಧಾನ್ಯದ ಬಜಾರಿನ ಹಿಂದೆ, ಬೀಜ ಗೊಬ್ಬರದ ಅಂಗಡಿಯೊಂದರ ಮಾಳಿಗೆಯ ಮೇಲೆ ರತ್ನಮಾಲಾಳ ರೆಕಾರ್ಡಿಂಗ್ ಕೋಣೆ ಇದೆ. ಹತ್ತಡಿ ಉದ್ದ, ಎಂಟಡಿ ಅಗಲ. ದನಿ ಗೋಡೆಗೆ ಬಡಿದು ವಾಪಸು ಬರಬಾರದೆಂದು ನಾಲ್ಕೂ ಕಡೆ ಹಳೆಯ ಕೌದಿಗಳನ್ನು ತೂಗುಬಿಟ್ಟಿದ್ದಾಳೆ. ಹೆದ್ದಾರಿಯ ಲಾರಿಗಳು ಮಾತ್ರ ಯಾವ ಕೌದಿಗೂ ಜಗ್ಗುವುದಿಲ್ಲ. ಹೀಗಾಗಿ ಹಾಡುವವರು ಬಂದು ಕೂತರೆ ಆಕೆ ಮೊದಲು ಹೇಳುವುದು ಇದೇ ಮಾತು: "ನಾ ಕೈ ಎತ್ತಿದ್ರ ನಿಲ್ಲಸ್ರಿ. ಲಾರಿ ಹೋದ ಮ್ಯಾಲೆ ಮತ್ತ ಅಲ್ಲಿಂದೇ ಎತ್ಕೋರಿ."

ಈ ಕೆಲಸ ಆಕೆಯ ಕೈಗೆ ಬಂದದ್ದು ನಲವತ್ತರ ವಯಸ್ಸಿನಲ್ಲಿ. ಅದಕ್ಕೂ ಮುಂಚೆ ಒಂಬತ್ತು ವರ್ಷ ಊರ ಹೊರಗಿನ ಔಷಧ ಕಾರ್ಖಾನೆಯೊಂದರಲ್ಲಿ ಗುಳಿಗೆ ಪ್ಯಾಕ್ ಮಾಡುತ್ತಿದ್ದಳು. ಈ ಕೋಣೆಯನ್ನು ಹಿಡಿದು ಕಂಪ್ಯೂಟರ್ ತಂದಿಟ್ಟವನು ಬಸವಕಲ್ಯಾಣದ ಫಿರೋಜ್. ಹಾರ್ಮೋನಿಯಂ ರಿಪೇರಿ ಅವನ ಮನೆತನದ ಕಸುಬು, ಕೀಬೋರ್ಡ್ ಅವನ ಸ್ವಂತದ ಹುಚ್ಚು. ಬೆರಳು ಕೀಬೋರ್ಡಿನ ಮೇಲೆ ನೀರಿನಂತೆ ಹರಿಯುತ್ತಿದ್ದರೂ ಮೌಸ್ ಹಿಡಿದರೆ ಮರಗಟ್ಟುತ್ತಿದ್ದವು. ಏಪ್ರಿಲ್ ಹದಿನಾಲ್ಕರ ಭೀಮಜಯಂತಿಗೆಂದು ಹಾಡಲು ಬಂದಿದ್ದ ರತ್ನಮಾಲಾ ಅವನ ಹಿಂದೆ ನಿಂತು ಪರದೆಯ ಗೆರೆಗಳನ್ನು ನೋಡಿ, "ಭಾಯಿ, ಹಾಡು ಆ ಗೆರಿ ಮ್ಯಾಲ ಬರಾಕತ್ತದ, ನೀವು ಈ ಗೆರಿ ಯಾಕ ಒತ್ತಾಕತ್ತೀರಿ?" ಎಂದು ಕೇಳಿದ್ದಳು. ಫಿರೋಜ್ ಎದ್ದು ಕುರ್ಚಿಯನ್ನೇ ಬಿಟ್ಟುಕೊಟ್ಟ. ಅಂದಿನಿಂದ ಎಂಟು ವರ್ಷ ಆ ಕುರ್ಚಿ ಆಕೆಯದು. ವಾರಕ್ಕೆರಡು ದಿನ ಫಿರೋಜ್ ಬಸ್ಸಿಗೆ ಬಂದು ನುಡಿಸಿ ಹೋಗುತ್ತಾನೆ.

ಆ ಎಂಟು ವರ್ಷಗಳಲ್ಲಿ ಭೀಮಗೀತೆ, ಭಜನೆ, ತತ್ವಪದ, ಕವ್ವಾಲಿ, ಚುನಾವಣೆಯ ಆಟೋ ಕೂಗು, ಏನೆಲ್ಲ ಆಕೆಯ ಕೈಯಿಂದ ಹಾದುಹೋಗಿವೆ. ಹಾಡದ ಬಾಯಿಗಳನ್ನೂ ಹಾಡಿಸಿದ್ದಾಳೆ. ಆದರೆ ತನ್ನ ತಾಯಿಯ ದನಿ ಒಂದು ಚೂರೂ ಆಕೆಯ ಬಳಿ ಇಲ್ಲ. ಆ ತಾಯಿ, ಮುಡಬಿ ಎಂಬ ಹಳ್ಳಿಯ ದ್ರೌಪತಿ, ಬೇರೆಯವರ ತೊಗರಿ ಹೊಲದಲ್ಲಿ ಕಳೆ ಕೀಳುತ್ತ, ತಾನೇ ಕಟ್ಟಿದ ಹಾಡುಗಳನ್ನು ಹಾಡುತ್ತ ಬಾಳಿದ ಹೆಂಗಸು. ಈ ಕೋಣೆ ಶುರುವಾಗುವುದಕ್ಕೆ ಎರಡು ವರ್ಷ ಮುಂಚೆ ತೀರಿಕೊಂಡಳು. ಯಾರಾದರೂ ಮುದುಕಿ ಮೈಕಿನ ಮುಂದೆ ಕೂತು ಸೆರಗು ಸರಿಮಾಡಿಕೊಂಡರೆ ಸಾಕು, ರತ್ನಮಾಲಾಳಿಗೆ ಆ ದಿನವೆಲ್ಲ ಊಟ ಸೇರುತ್ತಿರಲಿಲ್ಲ.

ತಾಯಿಯ ಹಾಡುಗಳಲ್ಲಿ ಒಂದನ್ನಾದರೂ ಉಳಿಸಬೇಕು, ಅದನ್ನು ತಂಗಿ ಆಮ್ರಪಾಲಿಯೇ ಹಾಡಬೇಕು ಎಂಬುದು ಆಕೆಯ ಹಟ. ಅಕ್ಕತಂಗಿಯರಲ್ಲಿ ಚೊಕ್ಕ ಕಂಠ ತಂಗಿಯದು. ಆಮ್ರಪಾಲಿ ನಾಂದೇಡದ ಆಸ್ಪತ್ರೆಯೊಂದರಲ್ಲಿ ನರ್ಸ್. ತಾಯಿ ಕಣ್ಣು ಮುಚ್ಚಿದಾಗ ಡ್ಯೂಟಿಯಲ್ಲಿದ್ದಳು, ಮುಡಬಿಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂದಿನಿಂದ ಆಕೆ ಹಾಡಲೇ ಇಲ್ಲ. ಊರಿಗೆ ಬರುವುದೂ ನಿಂತಂತೆಯೇ. ಮೂರು ವರ್ಷ ಫೋನಿನಲ್ಲಿ ಗೋಗರೆದ ಮೇಲೆ, "ಆಯ್ತು, ಒಂದೇ ಹಾಡು" ಎಂದಳು.

ಫಿರೋಜ್ ಹಾಡಿನ ಧಾಟಿಯನ್ನು ಎರಡನೇ ಕಪ್ಪು ಮನೆಯ ಶ್ರುತಿಯಲ್ಲಿ ಕೀಬೋರ್ಡಿನಲ್ಲಿ ನುಡಿಸಿದ. ರತ್ನಮಾಲಾ ಅದನ್ನು ತಂಗಿಗೆ ಕಳಿಸಿದಳು. ಆಮ್ರಪಾಲಿ ಆಸ್ಪತ್ರೆಯ ಚಾದರದ ಕೋಣೆಯಲ್ಲಿ, ಒಗೆದ ಬಟ್ಟೆಯ ಗಂಟುಗಳ ನಡುವೆ ಕೂತು, ಕಿವಿಯಲ್ಲಿ ಆ ಧಾಟಿಯನ್ನು ಕೇಳುತ್ತ ಇನ್ನೊಂದು ಫೋನಿನ ವಿಡಿಯೋದಲ್ಲಿ ಹಾಡಿ ಕಳಿಸಿದಳು.

ಗುರುವಾರ ಮಧ್ಯಾಹ್ನ ರತ್ನಮಾಲಾ ಆ ವಿಡಿಯೋದಿಂದ ದನಿಯನ್ನು ಬೇರ್ಪಡಿಸಿ, ಕೀಬೋರ್ಡಿನ ಟ್ರ್ಯಾಕಿನ ಕೆಳಗೆ ಇಟ್ಟು ಗುಂಡಿ ಒತ್ತಿದಳು. ಸ್ಪೀಕರಿನಿಂದ ಹಾಡು ಎದ್ದಿತು:

ಕಲ್ಯಾಣದ ದಾರ್ಯಾಗ ಕೆಂಪಾನ ಮಣ್ಣವ್ವ
ನಡದವರ ಹೆಜ್ಜಿ ಉಳದಾವ, ನನ ತಂಗಿ,
ನಡಿಲಾರದ ಹೆಜ್ಜಿ ನನ್ನಾವ

ಚಹಾ ಕುಡಿಯುತ್ತಿದ್ದ ಫಿರೋಜ್ ಲೋಟ ಕೆಳಗಿಟ್ಟ. ದನಿ ದಪ್ಪಗಿತ್ತು, ಭಾರವಾಗಿತ್ತು. ಒಂದೊಂದು ಮಾತೂ ಕಾಲೆಳೆಯುತ್ತ ಬರುತ್ತಿತ್ತು. ಕೀಬೋರ್ಡು ಒಂದು ಕಡೆ, ಹಾಡು ಒಂದು ಕಡೆ.

"ರತ್ನಾಬಾಯಿ," ಎಂದ ಅವನು ಮೆಲ್ಲಗೆ. "ಇದು ಆಮ್ರಪಾಲಿನಾ? ಯಾರೋ ಮುದುಕಿ ದನಿ ಇದ್ದಂಗ ಅದ ಅಲ್ರಿ?"

ರತ್ನಮಾಲಾ ಗುಂಡಿ ಒತ್ತಿ ನಿಲ್ಲಿಸಿದಳು. ಮತ್ತೆ ಮೊದಲಿನಿಂದ ಬಿಟ್ಟಳು. ದ್ರೌಪತಿಯೇ. ಗಂಟಲಿನಲ್ಲಿ ಕಫ ಕಟ್ಟಿದಂಥ ಅದೇ ಒರಟು, ಸಾಲಿನ ಕೊನೆಗೆ ಅದೇ ದಣಿವು.

ಕಸುಬು ಮಾಡುವ ಕೈ ಮನಸ್ಸಿಗೆ ಕಾಯುವುದಿಲ್ಲ. ಏನು ತಪ್ಪಿದೆ ಎಂದು ಹುಡುಕತೊಡಗಿದಳು. ಹಾಡು ಮುಗಿಯುವಷ್ಟರಲ್ಲಿ ದನಿ ಕೀಬೋರ್ಡಿಗಿಂತ ಇಪ್ಪತ್ತೊಂದು ಸೆಕೆಂಡು ಹಿಂದೆ ಉಳಿಯುತ್ತಿತ್ತು. ನಾಲ್ಕು ನಿಮಿಷದ ಹಾಡಿನಲ್ಲಿ ಅದು ಸಣ್ಣ ಮಾತಲ್ಲ. ಕೀಬೋರ್ಡನ್ನೇ ನಿಧಾನ ಮಾಡಿ ನೋಡಿದಳು. ಅದು ಮಿಡಿ ಟ್ರ್ಯಾಕು. ಅದರೊಳಗೆ ಸದ್ದೇ ಇರುವುದಿಲ್ಲ. ಕೀಬೋರ್ಡಿನ ಯಾವ ಮನೆಯನ್ನು ಯಾವಾಗ, ಎಷ್ಟು ಜೋರಾಗಿ ಒತ್ತಬೇಕು ಎಂಬ ಸೂಚನೆ ಮಾತ್ರ. ವೇಗ ತಗ್ಗಿಸಿದರೆ ತಕರಾರಿಲ್ಲದೆ ತಗ್ಗುತ್ತದೆ, ಶ್ರುತಿ ಕದಲುವುದಿಲ್ಲ. ನಿಮಿಷಕ್ಕೆ ಎಂಬತ್ತೆಂಟು ಬಡಿತವಿದ್ದ ಲಯವನ್ನು ಎಂಬತ್ತೊಂದಕ್ಕೆ ಇಳಿಸಿದಾಗ ಹೆಜ್ಜೆ ಕೂಡಿತು, ಶ್ರುತಿ ಕೂಡಲಿಲ್ಲ. ಒಂದು ಮನೆ ಕೆಳಗಿಳಿಸಿದಳು. ದನಿ ಇನ್ನೂ ಕೆಳಗಿತ್ತು. ಇನ್ನೊಂದು ಮನೆ ಇಳಿಸಿದಳು. ಈಗ ದನಿಯೇ ಮೇಲಾಯಿತು.

"ಎರಡು ಮನಿ ನಡುವ ಸಿಕ್ಕೊಂಡದರಿ," ಎಂದ ಫಿರೋಜ್. "ಕಿವ್ಯಾಗ ನನ್ನ ಕೀಬೋರ್ಡ್ ಕೇಳಕೋತ ಹಾಡ್ಯಾಳ. ಅಂಥಾ ಹುಡುಗಿ ಹಿಂಗ ತಪ್ಪಾಂಗಿಲ್ಲ. ತಪ್ಪು ಮಶೀನಿಂದು."

ಅಷ್ಟು ಹೇಳಿದ್ದೇ ತಡ, ರತ್ನಮಾಲಾಳಿಗೆ ಹೊಳೆಯಿತು. ಕಂಪ್ಯೂಟರು ದನಿಯನ್ನು ಸೆಕೆಂಡಿಗೆ ಸಾವಿರಾರು ಚೂರುಗಳಾಗಿ ಮಾಡಿ ಇಟ್ಟುಕೊಳ್ಳುತ್ತದೆ. ಫೋನಿನ ವಿಡಿಯೋ ಸೆಕೆಂಡಿಗೆ ನಲವತ್ತೆಂಟು ಸಾವಿರ ಚೂರು ಮಾಡಿತ್ತು. ಆಕೆಯ ಕೆಲಸ ನಡೆಯುವುದು ನಲವತ್ನಾಲ್ಕು ಸಾವಿರದ ನೂರರಲ್ಲಿ. ಅಷ್ಟೂ ಚೂರುಗಳನ್ನು ಇದು ತನ್ನ ನಿಧಾನದಲ್ಲಿ ಓದುತ್ತಿತ್ತು, ಅದಕ್ಕೇ ಹಾಡು ಉದ್ದವಾಗಿ, ದನಿ ದಪ್ಪವಾಗಿತ್ತು. ಹೊಸ ಫೈಲು ತಂದಾಗಲೆಲ್ಲ ಆ ಹಳೆಯ ಸಾಫ್ಟ್‌ವೇರು 'ಬದಲಿಸಲೇ?' ಎಂದು ಕೇಳುತ್ತಿತ್ತು. ಕಿರಿಕಿರಿಯಾಗಿ ಎಂದೋ ಒಮ್ಮೆ ಆಕೆಯೇ 'ಬೇಡ, ಇನ್ನು ಕೇಳಬೇಡ' ಎಂದು ಒತ್ತಿಬಿಟ್ಟಿದ್ದಳು.

ಸರಿಮಾಡಲು ಒಂದು ನಿಮಿಷ ಸಾಕಾಗಿತ್ತು. ಬೆರಳು ಮೌಸಿನ ಮೇಲೆಯೇ ಇತ್ತು, ಒತ್ತಲಿಲ್ಲ.

"ನಾಳಿ ನೋಡ್ತೀನ್ರಿ ಭಾಯಿ," ಎಂದಳು. ಫಿರೋಜ್ ಆಕೆಯ ಮುಖ ನೋಡಿ, ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ಹೋದ.

ಮೂರು ದಿನ ಆಕೆ ಬೇರೆ ಕೆಲಸ ಮುಟ್ಟಲಿಲ್ಲ. ಬಂದವರಿಗೆ ಮೈಕು ಕೆಟ್ಟಿದೆ ಎಂದು ಹೇಳಿ ಕಳಿಸಿದಳು. ಬಾಗಿಲು ಹಾಕಿಕೊಂಡು, ಹೆಡ್‌ಫೋನ್ ಏರಿಸಿ, ಕೀಬೋರ್ಡಿನ ಟ್ರ್ಯಾಕನ್ನು ಮುಚ್ಚಿ ಬರೀ ದನಿಯನ್ನು ಕೇಳುತ್ತಿದ್ದಳು. ಇದು ತಂಗಿಯ ದನಿ, ತಪ್ಪು ಓದಿದ ದನಿ, ಎಂದು ಗೊತ್ತಿತ್ತು. ಗೊತ್ತಿದ್ದೂ ಒಂದು ಸಲ "ಅವ್ವಾ" ಎಂದು ಬಾಯಿಬಿಟ್ಟೇ ಕರೆದಳು. ಕೌದಿಗಳು ಆ ಕೂಗನ್ನು ನುಂಗಿಕೊಂಡವು.

ಇತ್ತ ಆಮ್ರಪಾಲಿ ದಿನಕ್ಕೆರಡು ಸಲ ಫೋನು ಮಾಡುತ್ತಿದ್ದಳು. "ಅಕ್ಕಾ, ಹ್ಯಾಂಗ ಬಂದದ?" ಎಂದರೆ ಇವಳು "ಕೇಳಾಕತ್ತೇನಿ" ಎನ್ನುವಳು, ಅಷ್ಟೇ. ಭಾನುವಾರ ತಂಗಿಯ ದನಿ ಬಿಗಿದಿತ್ತು.

"ಭಾಳ ಕೆಟ್ಟ ಹಾಡೀನಿ ಹೌದಲ್ಲೊ? ನನಗ ಮೊದಲೇ ಗೊತ್ತಿತ್ತು. ಹತ್ತು ವರ್ಷ ಬಾಯಿ ಮುಚ್ಕೊಂಡಾಕಿಗಿ ಹಾಡಂದ್ರ ಹ್ಯಾಂಗ ಬರ್ತದ? ಅಳಸಿ ಒಗಿ ಅದನ್ನ. ಇನ್ನ ಮ್ಯಾಲ ಕೇಳಬ್ಯಾಡ ನನ್ನ."

"ಅಲ್ಲ ಆಮ್ರೂ, ಹಂಗಲ್ಲ..." ಎನ್ನುವಷ್ಟರಲ್ಲಿ ಅತ್ತಲಿಂದ ಫೋನು ಇಟ್ಟಾಗಿತ್ತು.

ರತ್ನಮಾಲಾ ಕೊನೆಗೆ ಆ ತಪ್ಪು ದನಿಯನ್ನೇ ತಂಗಿಗೆ ಕಳಿಸಿದಳು. ಜೊತೆಗೆ, 'ಮಶೀನಿನ ತಪ್ಪಿನಿಂದ ನಿನ್ನ ದನಿ ಹಿಂಗಾಗ್ಯಾದ. ಸರಿ ಮಾಡಾಕ ನನಗ ಮನಸು ಬರವಲ್ದು. ಯಾಕಂತ ಕೇಳು' ಎಂದು ಬರೆದಳು.

ಮರುದಿನ ಬೆಳಿಗ್ಗೆ, ಡ್ಯೂಟಿ ಮುಗಿಸಿ ಬಂದು ಆಮ್ರಪಾಲಿ ಫೋನು ಮಾಡಿದಳು.

"ಅಕ್ಕಾ, ಇದು ಅವ್ವ ಅಲ್ಲ."

"ಸರಿಯಾಗಿ ಕೇಳಿದಿ?"

"ನಾಕು ಸಲ ಕೇಳೀನಿ. ಅವ್ವ ಹಿಂಗ ಎಳೀತಿರಲಿಲ್ಲ. ಕಳೆ ಕೀಳುವಾಗ ಆಕಿ ಕೈ ಎಷ್ಟು ಜಲ್ದಿ ಓಡ್ತಿತ್ತೊ ಹಾಡೂ ಅಷ್ಟೇ ಜಲ್ದಿ ಓಡ್ತಿತ್ತು. ಉಳಿದ ಹೆಂಗಸರು ಹಿಂದ ಬೀಳ್ತಿದ್ರು. 'ತಂಗಿ' ಅನ್ನೂದು ಚಿಟಿಕಿ ಹೊಡದಂಗ ಅಂತಿದ್ಳು. ನೀ ಮರತೀ."

ರತ್ನಮಾಲಾಳಿಗೆ ಸಿಟ್ಟು ಬಂತು. "ನಾ ಮರತೀನಾ? ಕೊನೀ ಎಂಟು ತಿಂಗಳು ಆಕಿ ಬಾಯಿಗಿ ಗಂಜಿ ಹಾಕಿದಾಕಿ ನಾನು. ಹಾಸಗಿ ಮ್ಯಾಲ ಬಿದ್ದು ಇದೇ ಹಾಡು ಹಾಡ್ತಿದ್ಳು. ಹಿಂಗೇ ಹಾಡ್ತಿದ್ಳು. ಒಂದು ಸಾಲು ಆದ ಮ್ಯಾಲ ದಮ್ಮು ತೊಗೊಂಡು..."

ಮಾತು ಅಲ್ಲಿಗೇ ನಿಂತಿತು. ನಾಂದೇಡದ ಕಡೆಯಿಂದ ಪ್ರೆಶರ್ ಕುಕ್ಕರಿನ ಸೀಟಿಯೊಂದು ಕೇಳಿಸಿತು.

"ಹಿಂಗ ಹಾಡ್ತಿದ್ಳೇನು ಕೊನೀಗಿ?" ಎಂದಳು ಆಮ್ರಪಾಲಿ.

"ಹೂಂ."

"ನನಗ ಗೊತ್ತಿರಲಿಲ್ಲ ಅಕ್ಕಾ. ನಾ ಕೇಳಿದ್ದು ಬರೀ ಗಟ್ಟಿ ಇದ್ದಾಗಿಂದು." ಆಮೇಲೆ, "ಹಾಡು ಸರಿ ಮಾಡು. ಈ ತಪ್ಪು ದನಿ ಮಾತ್ರ ನನ್ನ ಹತ್ರ ಇರಲಿ," ಎಂದಳು.

ಅಂದೇ ರತ್ನಮಾಲಾ ಗುಂಡಿ ಒತ್ತಿದಳು. ದನಿಯ ಪಟ್ಟಿ ಪರದೆಯ ಮೇಲೆ ಕುಗ್ಗಿ ಕೀಬೋರ್ಡಿನ ಸಮಕ್ಕೆ ಬಂದು ನಿಂತಿತು. ಈಗ ಕೇಳಿದರೆ ಹಾಡುತ್ತಿದ್ದವಳು ಆಮ್ರಪಾಲಿಯೇ: ಚುರುಕು, ಸ್ವಲ್ಪ ಹೆದರಿಕೆ, ಮೇಲಿನ ಸ್ವರದಲ್ಲಿ ಸಣ್ಣ ನಡುಕ. 'ತಂಗಿ' ಎಂಬಲ್ಲಿ ನಿಜವಾಗಿಯೂ ಚಿಟಿಕೆ ಹೊಡೆದಂತಿತ್ತು. ಎಷ್ಟು ವರ್ಷವಾಯಿತು ಈ ದನಿ ಎದುರಿಗೆ ಕೂತು ಕೇಳಿ ಎಂದು ಎಣಿಸಿದಳು. ಹತ್ತು ದಾಟಿತ್ತು. ಬದುಕಿರುವ ತಂಗಿ ಅರ್ಧ ದಿನದ ಬಸ್ಸಿನ ದಾರಿಯಷ್ಟೇ ದೂರದಲ್ಲಿದ್ದಳು.

"ಒಂದೆರಡು ದಿನ ಬಾ," ಎಂದು ಫೋನಿನಲ್ಲಿ ಕರೆದಳು. "ಹಾಡಾಕಲ್ಲ, ಸುಮ್ಮ ಬಾ."

ಬುದ್ಧ ಪೂರ್ಣಿಮೆಯ ರಜೆಗೆ ಆಮ್ರಪಾಲಿ ಬಂದಳು. ಹುಮನಾಬಾದಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಆಕೆಯ ಕಿವಿಯ ಬಳಿ ಕೂದಲು ಬೆಳ್ಳಗಾಗಿದ್ದವು. ಅಕ್ಕ ಅದನ್ನು ನೋಡಿದಳು. ಮಧ್ಯಾಹ್ನ ಇಬ್ಬರೂ ಮೈಕಿನ ಮುಂದೆ ಕೂತರು. ಫಿರೋಜ್ ಕೀಬೋರ್ಡಿಗೆ ಕೂತ. ನಾಲ್ಕು ನುಡಿಯ ಹಾಡಿನಲ್ಲಿ ಮೂರು ನುಡಿ ಒಟ್ಟಿಗೆ ಹಾಡಿದರು. ನಾಲ್ಕನೆಯದಕ್ಕೆ ಬಂದಾಗ ಒಬ್ಬರು ಇನ್ನೊಬ್ಬರ ಬಾಯಿ ನೋಡಿದರು.

"ಹಾಡು ಮತ್ತ," ಎಂದಳು ರತ್ನಮಾಲಾ. "ಫೋನಿನ್ಯಾಗ ಮೂರೇ ನುಡಿ ಕಳಿಸಿದಿ, ನಾಕನೇದು ಎದುರಿಗಿ ಹಾಡ್ತಿ ಅಂದ್ಕೊಂಡಿದ್ದೆ."

"ನಿನಗ ಬರ್ತದಂತ ನಾ ತಿಳ್ಕೊಂಡಿದ್ದೆ."

ಇಬ್ಬರಿಗೂ ಬರುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಬಸ್ಸು ಹಿಡಿದು, ಮುಂದೆ ಶೇರ್ ಆಟೋ ಹತ್ತಿ ಮುಡಬಿಗೆ ಹೋದರು. ದ್ರೌಪತಿಯ ಜೊತೆ ಮೂವತ್ತು ವರ್ಷ ಕಳೆ ಕಿತ್ತ ಯಶೋದಾಬಾಯಿ ಕಟ್ಟೆಯ ಮೇಲೆ ಕೂತು ಬೇಳೆ ಹಸನು ಮಾಡುತ್ತಿದ್ದಳು. ಇಬ್ಬರನ್ನೂ ಒಟ್ಟಿಗೆ ಕಂಡು ಕಣ್ಣೀರು ಒರೆಸಿಕೊಂಡಳು. ನಾಲ್ಕನೆಯ ನುಡಿಯನ್ನು ಕೇಳಿದ್ದಕ್ಕೆ ಧಾಟಿಯನ್ನು ಮೂಗಿನಲ್ಲಿ ಗುನುಗಿದಳು, ಹಾಡಿನ ಮಾತು ಹೊರಡಲಿಲ್ಲ.

"ನಾಕನೇ ನುಡಿ ನಿಮ್ಮಿಬ್ಬರ ಮ್ಯಾಲೇ ಕಟ್ಟಿದ್ಳು ತಂಗೀ," ಎಂದಳು. "ಅದನ್ನ ಮಾತ್ರ ದನಿ ತಗದು ಹಾಡ್ತಿರಲಿಲ್ಲ. ದಿಟ್ಟಿ ಆಗ್ತದಂತ ಒಳಗೊಳಗೇ ಅಂದ್ಕೋತಿದ್ಳು. ನಾ ಪಕ್ಕದ ಸಾಲಿನ್ಯಾಗೇ ಇದ್ರೂ ನನಗ ಕೇಳಸ್ತಿರಲಿಲ್ಲ."

ವಾಪಸು ಬರುವ ಆಟೋದಲ್ಲಿ ಆಮ್ರಪಾಲಿ ಅಕ್ಕನ ಸೆರಗಿನ ತುದಿಯನ್ನು ಚಿಕ್ಕಂದಿನಲ್ಲಿ ಹಿಡಿದಂತೆ ಹಿಡಿದುಕೊಂಡಿದ್ದಳು.

ಹಾಡು ಮೂರು ನುಡಿಗೇ ಮುಗಿಯಿತು. ಮುಡಬಿಯ ಹೆಣ್ಣುಮಕ್ಕಳ ಫೋನುಗಳಲ್ಲಿ ಅದು ಈಗ ಓಡಾಡುತ್ತಿದೆ. ಆಮ್ರಪಾಲಿ ನಾಂದೇಡಕ್ಕೆ ಹೊರಟ ದಿನ ಬಸ್ಸಿನ ಕಿಟಕಿಯಿಂದ, "ನಾಕನೇ ನುಡೀದು ನಿನಗೇನರ ನೆನಪಾದ್ರ ಡ್ಯೂಟಿ ಇದ್ರೂ ಫೋನ್ ಮಾಡು," ಎಂದಳು. ದಿನ ಬಿಟ್ಟು ದಿನ ಇಬ್ಬರೂ ಮಾತಾಡುತ್ತಾರೆ; ಅಡುಗೆ, ಮೊಣಕಾಲು ನೋವು, ಆಸ್ಪತ್ರೆಯ ಸುದ್ದಿ. ಫೋನು ಇಡುವ ಮುಂಚೆ ಇಬ್ಬರಲ್ಲಿ ಯಾರೋ ಒಬ್ಬರು ಕೇಳುತ್ತಾರೆ:

"ಏನರ ನೆನಪಾಯ್ತೇನು?"

"ಇಲ್ಲ. ನಿನಗ?"